ಮಗು ಯಾರ ಹಾಗೆ ಉಂಟು?

ನಮ್ಮ ಕಡೆ ಮಗು ನೋಡಲು ಬಂದವರು ಮೊದಲು ತೂಕ ಕೇಳುವುದಿಲ್ಲ, ಹೆಸರೂ ಕೇಳುವುದಿಲ್ಲ. "ಯಾರ ಹಾಗೆ ಉಂಟು?" ಅಂತ ಕೇಳುತ್ತಾರೆ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಮನೆಯಲ್ಲಿ ತೊಟ್ಟಿಲು ಹಾಕಿದ ದಿನ ನಾನೂ ಇದ್ದೆ. ಅಜ್ಜಿಯೊಬ್ಬರು ಕನ್ನಡಕ ಏರಿಸಿಕೊಂಡು ಮಗುವನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹಣೆ ಅಪ್ಪನದ್ದು ಎಂದರು. ಬೆರಳು ಅತ್ತೆಯದ್ದು ಎಂದರು. ಕಿವಿ ಮಡಚಿ ನೋಡಿ, "ಇದು ಮಾತ್ರ ಎರಡೂ ಕಡೆಯದ್ದಲ್ಲ" ಎಂದರು. ಎಲ್ಲರೂ ನಕ್ಕರು. ಬಾಣಂತಿಯೂ ನಕ್ಕಳು. ಆದರೆ ಅವಳ ಕೈ ಮಗುವಿನ ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆ ಎಳೆಯಿತು.

ಆ ಮಗು ಹುಟ್ಟಿದ್ದು ಬೇರೊಬ್ಬ ಹೆಂಗಸು ಕೊಟ್ಟ ಅಂಡದಿಂದ. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದದ್ದು ಮಗುವಿನ ಅಪ್ಪ, ಅಮ್ಮ ಮತ್ತು ನನಗೆ ಮಾತ್ರ. ಆ ಬಾಣಂತಿ ನನಗೆ ಅಕ್ಕ ಆಗಬೇಕು. ಅವಳ ಒಪ್ಪಿಗೆ ಕೇಳಿ, ಗುರುತು ಸಿಗುವ ವಿವರ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಚಿಕಿತ್ಸೆ ಹೇಗೆ, ಖರ್ಚು ಎಷ್ಟು ಎನ್ನುವ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಮಗು ಮನೆಗೆ ಬಂದ ಮೇಲೆ ಮನಸ್ಸಿನೊಳಗೆ ಏನೆಲ್ಲ ನಡೆಯುತ್ತದೆ ಎಂದು ಕನ್ನಡದಲ್ಲಿ ಹೇಳುವವರು ಕಡಿಮೆ.

ಮೊದಲು ವಿಷಯವನ್ನು ಸರಳವಾಗಿ ನೋಡೋಣ. ಹೆಂಡತಿಯ ಅಂಡಾಶಯದಲ್ಲಿ ಅಂಡಗಳು ಮುಗಿದಿದ್ದರೆ, ಇಲ್ಲವೇ ಅವುಗಳಿಂದ ಬಸಿರು ನಿಲ್ಲುತ್ತಿಲ್ಲ ಎಂದಾದರೆ, ದಾನಿಯ ಅಂಡ ತೆಗೆದುಕೊಳ್ಳುತ್ತಾರೆ. ಅದನ್ನು ಲ್ಯಾಬಿನಲ್ಲಿ ಗಂಡನ ವೀರ್ಯದೊಂದಿಗೆ ಸೇರಿಸಿ, ಬೆಳೆದ ಭ್ರೂಣವನ್ನು ಹೆಂಡತಿಯ ಗರ್ಭಕೋಶದೊಳಗೆ ಇಡುತ್ತಾರೆ. ಗಂಡನಲ್ಲಿ ವೀರ್ಯಾಣು ಇಲ್ಲದಿದ್ದರೆ ದಾನಿಯ ವೀರ್ಯವನ್ನು ಬ್ಯಾಂಕಿನಿಂದ ತರಿಸುತ್ತಾರೆ. ಎರಡರಲ್ಲೂ ಬಸಿರು, ಹೆರಿಗೆ, ಬಾಣಂತನ ಎಲ್ಲ ಹೆಂಡತಿಯದ್ದೇ. ನಮ್ಮವರು ಜಾಸ್ತಿ ಹೋಗುವುದು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ. ಅಕ್ಕ ಅಲ್ಲಿ ವೇಯ್ಟಿಂಗ್ ಹಾಲ್‌ನಲ್ಲಿ ಕೂತಾಗಲೆಲ್ಲ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಿದ್ದಳಂತೆ. ಊರಿನವರು ಯಾರಾದರೂ ಸಿಕ್ಕಿಬಿಟ್ಟರೆ ಎಂಬ ಹೆದರಿಕೆ.

"ಡೋನರ್ ತಗೊಳ್ಳಿ" ಎಂದು ಡಾಕ್ಟ್ರು ಹೇಳಿದ ದಿನ ಸಂತೋಷ ಆಗುವುದಿಲ್ಲ. ದಾರಿ ಸಿಕ್ಕಿತು ಎಂಬ ಸಮಾಧಾನದ ಜೊತೆಗೇ ಒಂದು ಸಾವಿನ ಸುದ್ದಿ ಕೇಳಿದ ಹಾಗೆ ಇರುತ್ತದೆ. ಮನಸ್ಸಿನಲ್ಲಿ ವರ್ಷಗಟ್ಟಲೆ ಬೆಳೆಸಿಕೊಂಡ ಒಂದು ಮಗು ಇರುತ್ತದೆ ಅಲ್ವಾ, ತನ್ನ ಕಣ್ಣು, ತನ್ನ ಅಮ್ಮನ ನಗು ಇರುವ ಮಗು. ಅದು ಇನ್ನು ಬರುವುದಿಲ್ಲ. ಸತ್ತವರಿಗೆ ಸೂತಕ ಇದೆ, ಬೊಜ್ಜ (ಉತ್ತರಕ್ರಿಯೆ) ಇದೆ, ಬಂದು ಕೂತು ಅಳುವವರಿದ್ದಾರೆ. ಈ ಮಗುವಿಗೆ ಅದು ಯಾವುದೂ ಇಲ್ಲ. ಹಾಗಾಗಿ ಎಷ್ಟೋ ದಂಪತಿಗಳು ಅಳದೆಯೇ ಮುಂದೆ ಹೋಗುತ್ತಾರೆ, ಕನ್ಸೆಂಟ್ ಫಾರ್ಮಿಗೆ ಸಹಿ ಹಾಕುತ್ತಾರೆ, ಇಂಜೆಕ್ಷನ್ ಶುರು ಮಾಡುತ್ತಾರೆ. ಅಳದೆ ಉಳಿದ ಆ ದುಃಖ ಆಮೇಲೆ ಎಲ್ಲೆಲ್ಲೋ ಹೊರಗೆ ಬರುತ್ತದೆ. ಮಗುವಿನ ಟೋಪಿ ಎಳೆಯುವ ಕೈಯಲ್ಲಿ ಕೂಡ. ಚಿಕಿತ್ಸೆಗೆ ಮೊದಲು ಕೌನ್ಸೆಲರ್ ಜೊತೆ ಮಾತಾಡುವುದನ್ನು ಸುಮ್ನೆ ಒಂದು ಕಾಗದದ ಕೆಲಸ ಎಂದು ಮುಗಿಸಬೇಡಿ. ಆರು ತಿಂಗಳು ತಡವಾದರೂ ಪರವಾಗಿಲ್ಲ, ಆ ದುಃಖಕ್ಕೆ ಜಾಗ ಕೊಡಿ.

ಇನ್ನೊಂದು ಕಷ್ಟ ಇದೆ. ಈ ದುಃಖ ಗಂಡ ಹೆಂಡತಿಗೆ ಸಮಪಾಲಲ್ಲ. ಒಬ್ಬರ ರಕ್ತ ಮಗುವಿಗೆ ಹೋಗುತ್ತದೆ, ಇನ್ನೊಬ್ಬರದ್ದು ಹೋಗುವುದಿಲ್ಲ. ಹೋಗುವವರಿಗೆ ಖುಷಿಪಡಲು ಸಂಕೋಚ, ಹೋಗದವರಿಗೆ ಬೇಸರ ಹೇಳಲು ಸಂಕೋಚ. ಒಂದೇ ಮನೆಯಲ್ಲಿ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂರುತ್ತಾರೆ.

ಇಲ್ಲಿ ನಮ್ಮ ಭಾಷೆ ಹೆಂಗಸಿನ ಮೇಲೆ ಸ್ವಲ್ಪ ಕರುಣೆ ತೋರಿಸಿದೆ ಎಂದು ನನಗೆ ಅನಿಸುತ್ತದೆ. ಕನ್ನಡದಲ್ಲಿ "ಹೆತ್ತಮ್ಮ" ಎಂದರೆ ಹೊತ್ತು ಹೆತ್ತವಳು. ಅಂಡ ಯಾರದ್ದು ಎಂದು ಆ ಮಾತು ಕೇಳುವುದಿಲ್ಲ. ಅಕ್ಕ ಒಂಬತ್ತು ತಿಂಗಳು ಹೊತ್ತಳು, ವಾಂತಿ ಮಾಡಿದಳು, ಹೆತ್ತಳು. ಭಾಷೆಯ ಲೆಕ್ಕದಲ್ಲಿ ಅವಳು ಪೂರ್ತಿ ಹೆತ್ತಮ್ಮ. ಶರೀರದ ಲೆಕ್ಕವೂ ಪೂರಾ ಬೇರೆ ಅಲ್ಲ. ಬಸುರಿಯ ರಕ್ತಕ್ಕೆ ಮಗುವಿನ ಜೀವಕೋಶಗಳು ಸೇರಿಕೊಳ್ಳುತ್ತವೆ. ಹೆರಿಗೆಯಾಗಿ 27 ವರ್ಷದ ನಂತರವೂ ಅವು ತಾಯಿಯ ರಕ್ತದಲ್ಲಿ ಸಿಕ್ಕಿದ್ದನ್ನು ವಿಜ್ಞಾನಿಗಳು 1996ರಲ್ಲಿ ವರದಿ ಮಾಡಿದ್ದಾರೆ. ಗರ್ಭಕೋಶದ ದ್ರವದಲ್ಲಿರುವ, ವಂಶವಾಹಿಗಳ ಕೆಲಸವನ್ನು ನಿಯಂತ್ರಿಸುವ ಕೆಲವು ಸೂಕ್ಷ್ಮ ಆರ್‌ಎನ್‌ಎ ತುಣುಕುಗಳನ್ನು ಭ್ರೂಣ ಹೀರಿಕೊಳ್ಳಬಲ್ಲದು ಎಂದು 2015ರಲ್ಲಿ ಸ್ಪೇನಿನ ತಂಡವೊಂದು ತೋರಿಸಿತು. ಇದನ್ನೇ ದೊಡ್ಡದು ಮಾಡಿ "ನಿಮ್ಮ ರಕ್ತ ಕುಡಿದು ಮಗು ನಿಮ್ಮ ಹಾಗೆಯೇ ಆಗುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಖ, ರಕ್ತದ ಗುಂಪು ನಿರ್ಧಾರವಾಗುವುದು ಅಂಡ ಮತ್ತು ವೀರ್ಯದಿಂದಲೇ. ತಾಯ್ತನಕ್ಕೆ ಆ ಸಾಕ್ಷಿಯ ಅಗತ್ಯವೂ ಇಲ್ಲ.

ಗಂಡಸಿನ ವಿಷಯದಲ್ಲಿ ಮಾತ್ರ ನಮ್ಮ ಮಾತು ಕ್ರೂರ. ಜಗಳದಲ್ಲಿ ಬರುವ ಅತಿ ಕೆಟ್ಟ ಬೈಗುಳ ಯಾವುದು ನೆನಪಿಸಿಕೊಳ್ಳಿ: "ಯಾರಿಗೆ ಹುಟ್ಟಿದವನೋ." ವೀರ್ಯಾಣು ಇಲ್ಲದಿರುವುದಕ್ಕೂ ಗಂಡಸುತನಕ್ಕೂ ಸಂಬಂಧವೇ ಇಲ್ಲ. ಅದು ಎಷ್ಟೋ ಸಲ ನಾಳದ ತೊಂದರೆ, ಹಾರ್ಮೋನಿನ ತೊಂದರೆ, ಹುಟ್ಟಿನಿಂದ ಬಂದ ತೊಂದರೆ. ಆದರೂ ಗಂಡಸರು ಅದನ್ನು ತಮ್ಮ ಅಣ್ಣತಮ್ಮಂದಿರ ಹತ್ತಿರ ಕೂಡ ಹೇಳುವುದಿಲ್ಲ. ಗಂಡನ ರಿಪೋರ್ಟ್ ಕಪಾಟಿನೊಳಗೆ ಇರುತ್ತದೆ, "ಇವಳಿಗೆ ಮಕ್ಕಳಾಗುವುದಿಲ್ಲ" ಎಂಬ ಮಾತನ್ನು ಹೆಂಡತಿ ಕೇಳಿಸಿಕೊಳ್ಳುತ್ತಿರುತ್ತಾಳೆ. ವೀರ್ಯದಾನದಲ್ಲಿ ಗುಟ್ಟು ಜಾಸ್ತಿ ಇರುವುದು ಇದೇ ಕಾರಣಕ್ಕೆ.

ಈ ಗುಟ್ಟು ನಾವು ಕಂಡುಹಿಡಿದದ್ದಲ್ಲ. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಪ್ಯಾನ್‌ಕೋಸ್ಟ್ ಎಂಬ ವೈದ್ಯ ಮಕ್ಕಳಿಲ್ಲದ ಒಬ್ಬ ಹೆಂಗಸಿಗೆ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಿ, ತನ್ನ ವಿದ್ಯಾರ್ಥಿಯೊಬ್ಬನ ವೀರ್ಯ ಬಳಸಿ ಬಸಿರು ಮಾಡಿಸಿದ. ಗಂಡನಿಗೆ ಆಮೇಲೆ ಹೇಳಿದರು. ಅವಳಿಗೆ ಹೇಳಲೇ ಇಲ್ಲ. ವಿಷಯ ಹೊರಬಂದದ್ದು 1909ರಲ್ಲಿ, ಅಲ್ಲಿ ಹಾಜರಿದ್ದ ಇನ್ನೊಬ್ಬ ವಿದ್ಯಾರ್ಥಿ ವೈದ್ಯಕೀಯ ಪತ್ರಿಕೆಗೆ ಬರೆದಾಗ. ವೀರ್ಯದಾನದ ಇತಿಹಾಸದ ಮೊದಲ ಪುಟದಲ್ಲೇ ಗುಟ್ಟು ಇದೆ, ಮೋಸವೂ ಇದೆ.

ನಮ್ಮ ಕಾಸರಗೋಡಿನಲ್ಲಿ ಈ ಗುಟ್ಟಿಗೆ ಇನ್ನೊಂದು ಭಾರ ಸೇರುತ್ತದೆ. ಇಲ್ಲಿ ಮೂಲ ಕೇಳದೆ ಯಾವ ಕೆಲಸವೂ ನಡೆಯುವುದಿಲ್ಲ. ಅಪ್ಪನ ಕಡೆಯಿಂದ ವಂಶ ಎಣಿಸುವ ಮಕ್ಕಳಕಟ್ಟಿನವರಿಗೆ ಗೋತ್ರ ಅಪ್ಪನಿಂದ ಬರುತ್ತದೆ. ಅಮ್ಮನ ಕಡೆಯಿಂದ ಎಣಿಸುವ ಅಳಿಯಕಟ್ಟಿನವರಿಗೆ ಬಳಿ (ಗೋತ್ರದ ಹಾಗೆ ವಂಶದ ಗುರುತು) ಅಮ್ಮನಿಂದ ಬರುತ್ತದೆ. 1975ರ ಕಾನೂನಿನಲ್ಲಿ ಕೇರಳ ಹಿಂದೂ ಕೂಡುಕುಟುಂಬದ ಆಸ್ತಿ ಪದ್ಧತಿಯನ್ನು ನಿಲ್ಲಿಸಿತು, ಆದರೆ ಮದುವೆಗೆ ಬಳಿ ಕೇಳುವುದು ನಿಂತಿಲ್ಲ. ಹಾಗಾಗಿ ಒಂದೇ ಚಿಕಿತ್ಸೆ ಬೇರೆಬೇರೆ ಮನೆಗಳಲ್ಲಿ ಬೇರೆಬೇರೆ ಕಡೆ ಚುಚ್ಚುತ್ತದೆ. ಒಂದು ಮನೆಯಲ್ಲಿ ವೀರ್ಯದಾನ ಎಂದರೆ "ಗೋತ್ರ ಯಾವುದು?" ಎಂಬ ಚಿಂತೆ. ಪಕ್ಕದ ಮನೆಯಲ್ಲಿ ಅಂಡದಾನ ಎಂದರೆ "ಬಳಿ ಯಾವುದು?" ಎಂಬ ಚಿಂತೆ. ಮುಸ್ಲಿಂ ಮನೆಗಳಲ್ಲಿ ಪ್ರಶ್ನೆ ಇನ್ನೂ ಕಠಿಣ, ಸುನ್ನಿ ವಿದ್ವಾಂಸರಲ್ಲಿ ಹೆಚ್ಚಿನವರು ಮೂರನೆಯವರ ಅಂಡ, ವೀರ್ಯವನ್ನು ಒಪ್ಪುವುದಿಲ್ಲ. ಕೆಥೊಲಿಕ್ ಸಭೆಯೂ ಒಪ್ಪುವುದಿಲ್ಲ. ನಂಬಿಕೆ ಒಂದು ಕಡೆ ಎಳೆಯುವಾಗ, ಮಗುವಿನ ಆಸೆ ಇನ್ನೊಂದು ಕಡೆ ಎಳೆಯುವಾಗ, ಮನುಷ್ಯ ಒಬ್ಬನೇ ಆಗುತ್ತಾನೆ.

ಆದರೆ ಇದೇ ಊರು ನನಗೆ ಇನ್ನೊಂದು ವಿಷಯವನ್ನೂ ಕಲಿಸಿದೆ. ಮೂಲನಾಗನನ್ನು, ಎಂದರೆ ಕುಟುಂಬದ ಹಿರಿಯರು ಪೂಜಿಸುತ್ತಿದ್ದ ನಾಗನನ್ನು, ಹುಡುಕಿಕೊಂಡು ಹೋಗುವವರನ್ನು ನೋಡಿದ್ದೀರಲ್ಲ? ಮುಂಬೈಯಲ್ಲಿ ಹುಟ್ಟಿ ಬೆಳೆದವರು, ಗಲ್ಫಿನಲ್ಲಿ ಇರುವವರು, ನಾಲ್ಕು ತಲೆಮಾರಿನ ಹಿಂದೆ ಅಜ್ಜ ಬಿಟ್ಟು ಬಂದ ನಾಗಬನವನ್ನು ಕೇಳಿ ಕೇಳಿ ಪತ್ತೆ ಮಾಡಿ ಒಂದು ತಂಬಿಲ ಪೂಜೆ ಕೊಟ್ಟು ಹೋಗುತ್ತಾರೆ. ಅವರಿಗೆ ಅಲ್ಲಿ ಬಂದು ನೆಲೆಸಬೇಕು ಎಂದಿಲ್ಲ. ಈಗಿನ ಮನೆಯನ್ನು ಬಿಡಬೇಕು ಎಂದೂ ಇಲ್ಲ. ತಾನು ಎಲ್ಲಿಂದ ಬಂದೆ ಎಂದು ಒಮ್ಮೆ ನೋಡಬೇಕು, ಅಷ್ಟೇ. ದಾನಿಯಿಂದ ಹುಟ್ಟಿದ ಮಕ್ಕಳು ದೊಡ್ಡವರಾದಾಗ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅವರಿಗೆ ಬೇರೆ ಅಪ್ಪ ಅಮ್ಮ ಬೇಡ. ದಾನಿಯಾದ ಆ ಮನುಷ್ಯ ಹೇಗಿದ್ದಾನೆ, ಎಡಗೈಯಲ್ಲಿ ಬರೆಯುತ್ತಾನಾ, ಹಾಡುತ್ತಾನಾ, ಯಾವ ಕಾಯಿಲೆ ಇದೆ, ತನ್ನಂತೆ ಇನ್ನೂ ಯಾರಾದರೂ ಇದ್ದಾರಾ ಎಂಬ ಕುತೂಹಲ. ಅಪ್ಪ ಅಮ್ಮ ಅದನ್ನು ತಿರಸ್ಕಾರ ಎಂದು ತಿಳಿದಾಗ ನೋವು ಶುರುವಾಗುತ್ತದೆ.

ಸಂಶೋಧನೆ ಏನು ಹೇಳುತ್ತದೆ? ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸೂಸನ್ ಗೊಲೊಂಬೊಕ್ ಅವರ ತಂಡ 2000ದ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳನ್ನು 20 ವರ್ಷದವರೆಗೆ ಗಮನಿಸುತ್ತಾ ಬಂತು. ಅಂಡದಾನ, ವೀರ್ಯದಾನ, ಬಾಡಿಗೆ ತಾಯ್ತನದ 65 ಕುಟುಂಬಗಳು, ಸಹಜವಾಗಿ ಮಕ್ಕಳಾದ 52 ಕುಟುಂಬಗಳು. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು: ಮಕ್ಕಳ ಮನಸ್ಸಿನ ಆರೋಗ್ಯದಲ್ಲಿ, ಅಮ್ಮನ ಜೊತೆಗಿನ ಸಂಬಂಧದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇಲ್ಲ. ರಕ್ತಸಂಬಂಧ ಇಲ್ಲದ್ದರಿಂದ ಪ್ರೀತಿ ಕಡಿಮೆಯಾಗಲಿಲ್ಲ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಏಳು ವರ್ಷದೊಳಗೆ ವಿಷಯ ಹೇಳಿದ ಮನೆಗಳಲ್ಲಿ ಅಮ್ಮ ಮಕ್ಕಳ ಸಂಬಂಧ ಇನ್ನೂ ಚೆನ್ನಾಗಿತ್ತು. ವೀರ್ಯದಾನದಿಂದ ಹುಟ್ಟಿದವರು ತಮ್ಮ ಮನೆಯಲ್ಲಿ ಮಾತುಕತೆ ಅಷ್ಟು ಚೆನ್ನಾಗಿಲ್ಲ ಎಂದರು, ಅದಕ್ಕೆ ಆ ಮನೆಗಳ ಗುಟ್ಟು ಕಾರಣ ಇರಬಹುದು ಎಂದು ತಂಡ ಹೇಳಿತು. ಅಂಡದಾನದ ಅಮ್ಮಂದಿರಲ್ಲಿ ಸ್ವಲ್ಪ ಅಳುಕು ಇತ್ತು, ಮಕ್ಕಳಲ್ಲಿ ಇರಲಿಲ್ಲ. ಇದನ್ನು ಓದಿ ಹೇಳಿದಾಗ ಅಕ್ಕ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೆದರಿಕೆ ಎಲ್ಲ ನಂದೇ ಹಾಗಾದ್ರೆ" ಎಂದಳು.

ಹೇಳದಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ರಕ್ತದ ಗುಂಪಿನ ಉದಾಹರಣೆ ಕೊಡುತ್ತೇನೆ. ಅಪ್ಪ ಅಮ್ಮ ಇಬ್ಬರದ್ದೂ ಓ ಗುಂಪಾದರೆ ಮಗುವಿನದ್ದೂ ಓ. ಬಹಳ ಅಪರೂಪದ ಬಾಂಬೆ ಗುಂಪಿನಂಥ ಸಂದರ್ಭ ಬಿಟ್ಟರೆ ಇದು ತಪ್ಪುವುದಿಲ್ಲ. ಶಾಲೆಯ ಐಡಿ ಕಾರ್ಡಿನಲ್ಲಿ ಮಗುವಿನ ರಕ್ತದ ಗುಂಪು ಬರೆದಿರುತ್ತದೆ. ಹೈಸ್ಕೂಲಿನಲ್ಲಿ ಟೀಚರ್ ಅನುವಂಶೀಯತೆಯ ಪಾಠ ಮಾಡುತ್ತಾರೆ. ಕೂಡಿಸಿ ನೋಡಲು ಹದಿನೈದು ವರ್ಷದ ಹುಡುಗನಿಗೆ ಎಷ್ಟು ಹೊತ್ತು ಬೇಕು? ದಾನಿಯನ್ನು ಆರಿಸುವಾಗ ರಕ್ತದ ಗುಂಪು ಹೊಂದಿಸುವ ರೂಢಿ ಇದೆ ನಿಜ. ಆದರೆ ಈಗ ಎಂಜಲಿನಿಂದ ಡಿಎನ್‌ಎ ನೋಡುವ ಕಿಟ್‌ಗಳಿವೆ. ವಿದೇಶದಲ್ಲಿ ಎಷ್ಟೋ ಜನರಿಗೆ 30, 40 ದಾಟಿದ ಮೇಲೆ ಸತ್ಯ ಗೊತ್ತಾದದ್ದು ಆ ಕಿಟ್‌ಗಳಿಂದ. ಅವರಿಗೆ ನೋವಾಗುವುದು ದಾನಿಯಿಂದ ಹುಟ್ಟಿದ್ದಕ್ಕಿಂತ ಇಷ್ಟು ವರ್ಷ ಸುಳ್ಳು ಹೇಳಿದ್ದಕ್ಕೆ.

ಕಿಟ್ ಬೇಡ, ನಮ್ಮ ಊರಿನ ಬಾಯಿ ಸಾಕು. ಚಿಕಿತ್ಸೆಗೆ ದುಡ್ಡು ಕೊಟ್ಟ ಮಾವನಿಗೆ ಗೊತ್ತಿರುತ್ತದೆ. ಆಸ್ಪತ್ರೆಗೆ ಜೊತೆಗೆ ಬಂದ ಚಿಕ್ಕಮ್ಮನಿಗೆ ಗೊತ್ತಿರುತ್ತದೆ. ಮುಂದೊಂದು ದಿನ ತೋಟದ ಪಾಲಿನ ಜಗಳದಲ್ಲಿ ಯಾರೋ ಒಬ್ಬರು "ಇವನು ಈ ಮನೆಯವನೇ ಅಲ್ಲ" ಎಂದುಬಿಡುತ್ತಾರೆ. ಕಾನೂನಿನಲ್ಲಿ ಆ ಮಾತು ನಿಲ್ಲುವುದಿಲ್ಲ. ಆದರೆ ಕೇಳಿಸಿಕೊಂಡ ಮಗು ಆ ಕ್ಷಣಕ್ಕೆ ಸಿದ್ಧವಾಗಿರಬೇಕಲ್ಲ?

ಮಳೆಗಾಲದಲ್ಲಿ ತಾಳಮದ್ದಳೆಗೆ ಹೋಗುವವರಿಗೆ ಕರ್ಣನ ಕಥೆ ಹೊಸದಲ್ಲ. ಯುದ್ಧ ಇನ್ನೇನು ಶುರು ಎನ್ನುವಾಗ ಕೃಷ್ಣ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಮಹಾಭಾರತದಲ್ಲಿ ಕರ್ಣ ಕೊಡುವ ಉತ್ತರ ನೋಡಿ: ನನ್ನನ್ನು ಕಂಡ ಪ್ರೀತಿಗೆ ರಾಧೆಯ ಎದೆಯಲ್ಲಿ ಹಾಲು ಇಳಿಯಿತು, ನನ್ನ ಮಲಮೂತ್ರ ಬಳಿದವಳು ಅವಳು, ಅವಳನ್ನು ಹೇಗೆ ಬಿಡಲಿ ಎನ್ನುತ್ತಾನೆ. ಅವನಿಗೆ ಪ್ರೀತಿ ಕಡಿಮೆಯಾಗಿರಲಿಲ್ಲ. ಸತ್ಯ ಬಂದದ್ದು ತಪ್ಪು ಹೊತ್ತಿನಲ್ಲಿ, ಹೇಳಬೇಕಾದವರು ಬಿಟ್ಟು ಬೇರೆಯವರ ಬಾಯಿಂದ. ಪಾತ್ರದ ಮಾತಾಡುವ ಅರ್ಥಧಾರಿಗಳು ಈ ಸಂದರ್ಭದಲ್ಲಿ ದನಿ ತಗ್ಗಿಸುವಾಗ ಸಭೆಯಲ್ಲಿ ಕಣ್ಣೊರೆಸಿಕೊಳ್ಳುವವರು ಇದ್ದೇ ಇರುತ್ತಾರೆ. ನಮಗೆ ಈ ನೋವು ಅರ್ಥವಾಗದ್ದಲ್ಲ.

ಹಾಗಾದರೆ ಯಾವಾಗ ಹೇಳುವುದು, ಹೇಗೆ ಹೇಳುವುದು? ಮೂರು ನಾಲ್ಕು ವರ್ಷಕ್ಕೆ ಶುರು ಮಾಡಿ. ಒಂದು ದಿನ ಕೂರಿಸಿ ಹೇಳುವ ದೊಡ್ಡ ಸುದ್ದಿ ಆಗಬಾರದು. ಮಲಗುವಾಗ ಹೇಳುವ ಕಥೆಗಳ ಜೊತೆ ಇದೂ ಒಂದು ಕಥೆಯಾಗಲಿ. ಪದಗಳದ್ದು ನಿಜವಾದ ತೊಂದರೆ. "ಅಂಡ" ಎಂದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ, "ಮೊಟ್ಟೆ" ಎಂದರೆ ಕೋಳಿ ನೆನಪಾಗುತ್ತದೆ. ಅಕ್ಕ ಆರಿಸಿದ ಪದ "ಬೀಜ". "ಮಗು ಆಗಲು ಎರಡು ಪುಟ್ಟ ಬೀಜ ಬೇಕು. ಅಮ್ಮನ ಹತ್ತಿರ ಇದ್ದ ಬೀಜ ಮೊಳಕೆ ಬರಲಿಲ್ಲ. ಒಬ್ಬ ಆಂಟಿ ಅವರ ಬೀಜ ಕೊಟ್ಟರು. ಅದು ಅಮ್ಮನ ಹೊಟ್ಟೆಯಲ್ಲಿ ಬೆಳೆದು ನೀನಾದೆ." ಇಷ್ಟೇ. ಆರೇಳು ವರ್ಷಕ್ಕೆ ಮಗು ತಾನಾಗಿ ಪ್ರಶ್ನೆ ಕೇಳುತ್ತದೆ. ಕೇಳಿದಷ್ಟಕ್ಕೆ ಉತ್ತರ ಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ದಾನಿಯನ್ನು "ನಿಜವಾದ ಅಮ್ಮ" ಎಂದು ಯಾರು ಹೇಳಿದರೂ ಅಲ್ಲೇ ತಿದ್ದಿ.

"ಅಂಗನವಾಡಿಯಲ್ಲಿ ಹೋಗಿ ಎಲ್ಲರಿಗೂ ಹೇಳಿಬಿಟ್ಟರೆ?" ಇದು ಅಕ್ಕನ ಗಂಡ ಕೇಳಿದ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಹೇಳಬಹುದು. ಸಣ್ಣ ಊರಿನಲ್ಲಿ ಅದಕ್ಕೆ ಬೆಲೆ ತೆರಬೇಕಾಗಬಹುದು. ಆದರೆ ಗುಟ್ಟು ಬೇರೆ, ಮನೆಯೊಳಗಿನ ಮಾತು ಬೇರೆ. ಅಪ್ಪನ ಸಾಲ ಎಷ್ಟು ಎಂದು ನಾವು ಊರಿಗೆ ಹೇಳುವುದಿಲ್ಲ, ಆದರೆ ಅದು ನಾಚಿಕೆಯ ವಿಷಯ ಅಂತ ಅಲ್ಲ. ಮಕ್ಕಳು ಆ ವ್ಯತ್ಯಾಸವನ್ನು ಐದಾರು ವರ್ಷಕ್ಕೆ ಕಲಿಯುತ್ತಾರೆ. ಊರಿಗೆ ಹೇಳಬೇಕಾಗಿಲ್ಲ. ಮಗುವಿಗೆ ಹೇಳಬೇಕು. ಮಕ್ಕಳ ಡಾಕ್ಟ್ರಿಗೂ ಹೇಳಬೇಕು, "ಮನೆಯಲ್ಲಿ ಯಾರಿಗಾದರೂ ಆಸ್ತಮಾ, ಶುಗರ್ ಉಂಟಾ?" ಎಂದು ಅವರು ಕೇಳಿದಾಗ ತಪ್ಪು ಉತ್ತರ ಹೋಗಬಾರದು.

ಈಗ ಕಾನೂನು. ನಮ್ಮ ದೇಶದಲ್ಲಿ 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹುಟ್ಟಿದ ಮಗು ದಂಪತಿಯದ್ದೇ ಮಗು, ಎಲ್ಲ ಹಕ್ಕೂ ಇದೆ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ವೀರ್ಯ ಕೊಡುವವರು 21ರಿಂದ 55 ವರ್ಷದವರು, ಅಂಡ ಕೊಡುವವರು 23ರಿಂದ 35 ವರ್ಷದವರು ಆಗಿರಬೇಕು. ಒಬ್ಬಳು ಜೀವನದಲ್ಲಿ ಒಮ್ಮೆ ಮಾತ್ರ ಅಂಡ ಕೊಡಬಹುದು, ಏಳಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ. ಒಬ್ಬ ದಾನಿಯ ಅಂಡ ಅಥವಾ ವೀರ್ಯ ಒಂದೇ ದಂಪತಿಗೆ. ದಾನಿ ಬರುವುದು ನೋಂದಾಯಿತ ಬ್ಯಾಂಕಿನ ಮೂಲಕ. ಮೊದಲು ಕೆಲವು ಮನೆಗಳಲ್ಲಿ ತಂಗಿಯೇ ಅಕ್ಕನಿಗೆ ಅಂಡ ಕೊಟ್ಟದ್ದಿದೆ. ಅಂಥ ಒಂದು ಪ್ರಕರಣ ಬಾಂಬೆ ಹೈಕೋರ್ಟಿಗೆ ಹೋಯಿತು. ಅಂಡ ಕೊಟ್ಟ ತಂಗಿಗೆ ಮಕ್ಕಳ ಮೇಲೆ ತಾಯಿಯ ಹಕ್ಕಿಲ್ಲ ಎಂದು ಕೋರ್ಟು 2024ರ ಆಗಸ್ಟ್‌ನಲ್ಲಿ ಹೇಳಿತು.

ಕಾಯ್ದೆ ಅಪ್ಪ ಅಮ್ಮನನ್ನು ಚೆನ್ನಾಗಿ ಕಾಪಾಡುತ್ತದೆ. ಆದರೆ ದಾನಿ ಯಾರು ಎಂದು ತಿಳಿಯುವ ಬಾಗಿಲನ್ನು ಮಗುವಿಗೆ ತೆರೆದಿಟ್ಟಿಲ್ಲ. ಸ್ವೀಡನ್ 1985ರಲ್ಲೇ ಆ ಬಾಗಿಲು ತೆರೆಯಿತು. ಬ್ರಿಟನ್‌ನಲ್ಲಿ 2005ರ ಏಪ್ರಿಲ್ 1ರ ನಂತರ ನೋಂದಣಿಯಾದ ದಾನಿಗಳ ಹೆಸರನ್ನು ಮಕ್ಕಳು 18 ತುಂಬಿದಾಗ ಕೇಳಿ ಪಡೆಯಬಹುದು, ಹಾಗೆ 18 ತುಂಬಿದ ಮೊದಲ ಮಕ್ಕಳು 2023ರಲ್ಲಿ ಬಂದರು. ನಮ್ಮಲ್ಲೂ ಇದರ ಬಗ್ಗೆ ಮಾತು ಶುರುವಾಗಬೇಕು ಎನ್ನುವುದು ನನ್ನ ಅಭಿಪ್ರಾಯ. ನಾಲ್ಕು ತಲೆಮಾರಿನ ಹಿಂದಿನ ನಾಗಬನ ಹುಡುಕಲು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡುವ ನಾವು, ನಮ್ಮದೇ ಮಗುವಿನ ಮೂಲವನ್ನು ಕಾಗದದೊಳಗೆ ಬೀಗ ಹಾಕಿ ಇಡುವುದು ಸರಿಯಾ?

ದಾನಿಯ ಬಗ್ಗೆಯೂ ಎರಡು ಮಾತು ಹೇಳಬೇಕು, ಅವಳನ್ನು ಎಲ್ಲರೂ ಮರೆಯುತ್ತಾರೆ. ಅಂಡ ಕೊಡುವುದು ರಕ್ತ ಕೊಟ್ಟಷ್ಟು ಸುಲಭ ಅಲ್ಲ. ಸುಮಾರು 10ರಿಂದ 12 ದಿನ ಹಾರ್ಮೋನ್ ಇಂಜೆಕ್ಷನ್, ಹೊಟ್ಟೆ ಉಬ್ಬರ, ಆಮೇಲೆ ಅರಿವಳಿಕೆ ಕೊಟ್ಟು ಸೂಜಿಯಿಂದ ಅಂಡ ತೆಗೆಯುತ್ತಾರೆ. ಕೆಲವರಿಗೆ ಅಂಡಾಶಯ ಊದಿಕೊಂಡು ಅಪಾಯವೂ ಆಗುತ್ತದೆ. ಅದಕ್ಕೇ ದಾನಿಗೆ 12 ತಿಂಗಳ ವಿಮೆ ಮಾಡಿಸಬೇಕು ಎಂದು ಕಾಯ್ದೆ ಹೇಳುತ್ತದೆ. ವಿಮೆ ನಿಜವಾಗಿ ಮಾಡಿಸಿದ್ದಾರಾ ಎಂದು ಕೇಳಿ ಕಾಗದ ನೋಡಿ. ದುಡ್ಡಿನ ಕಷ್ಟಕ್ಕೆ ಬಂದವಳೂ ಇರಬಹುದು. "ದಾನ" ಎಂಬ ಪದ ಅವಳ ಕಷ್ಟವನ್ನು ಮುಚ್ಚಿಬಿಡುತ್ತದೆ. ಕೊಟ್ಟ ದಾನವನ್ನು ಮತ್ತೆ ನೆನೆಯಬಾರದು ಅನ್ನುತ್ತೇವೆ, ಆದರೆ ಮನಸ್ಸು ಕೇಳುತ್ತದಾ? ಅವಳಿಗೂ ಒಂದೊಂದು ಸಲ ಎಲ್ಲೋ ಒಂದು ಮಗು ಇದೆ ಎಂದು ನೆನಪಾಗಬಹುದು.

ಅಕ್ಕನ ಮಗಳಿಗೆ ಈಗ ಐದು ವರ್ಷ. ಅಕ್ಕ ಅವಳಿಗಾಗಿ ಒಂದು ಆಲ್ಬಂ ಮಾಡಿದ್ದಾಳೆ, ಹಳೆಯ ಮದುವೆ ಆಲ್ಬಮ್ಮಿನ ಖಾಲಿ ಪುಟಗಳಲ್ಲಿ. ಮೊದಲು ಸ್ಕ್ಯಾನಿಂಗ್ ಫೋಟೋ. ಆಮೇಲೆ ಒಂದು ಪುಟದಲ್ಲಿ ಫೋಟೋ ಇಲ್ಲ, ಒಣಗಿದ ಕೇಪಳ ಹೂವಿನ ಗೊಂಚಲು ಅಂಟಿಸಿದೆ. ಕಳೆದ ವಿಷುವಿಗೆ ಹೋದಾಗ ಜಗಲಿಯಲ್ಲಿ ಕೂತು ಮಗಳೇ ನನಗೆ ತೋರಿಸಿದಳು. ಆ ಹೂವಿನ ಮೇಲೆ ಬೆರಳಿಟ್ಟು, "ಇದು ಬೀಜ ಕೊಟ್ಟ ಆಂಟಿ. ಫೋಟೋ ಇಲ್ಲ, ಅದಕ್ಕೆ ಹೂ" ಎಂದಳು. ನಾನು ಏನು ಹೇಳಬೇಕು ಎಂದು ಯೋಚಿಸುವಷ್ಟರಲ್ಲಿ ಪುಟ ತಿರುಗಿಸಿಬಿಟ್ಟಳು. ಮುಂದಿನ ಪುಟದಲ್ಲಿ ಅವರ ಮನೆಯ ಬೆಕ್ಕು ಇತ್ತು. ಅದರ ಬಗ್ಗೆ ಅವಳಿಗೆ ತುಂಬಾ ಹೇಳಲಿಕ್ಕಿತ್ತು.